ಫೇಲ್ ಆದ ಬೋರು, ಮುಚ್ಚದೆ ಉಳಿದ ಬಾಯಿ: ಲಚ್ಯಾಣದ ಪ್ರಕರಣ

2024ರ ಏಪ್ರಿಲ್ 3, ಬುಧವಾರ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮ. ಇನ್ನೂ ಎರಡು ವರ್ಷ ತುಂಬದ ಗಂಡು ಮಗುವೊಂದು ಸಂಜೆ ಹೊತ್ತು ಮನೆ ಹತ್ತಿರ ಆಡುತ್ತಾ ಹೊಲದ ಕೊಳವೆಬಾವಿಯೊಳಗೆ ಬಿತ್ತು. ತಲೆ ಕೆಳಗಾಗಿ ಬಿತ್ತು. ಸುಮಾರು 16 ಅಡಿ ಆಳದಲ್ಲಿ ಸಿಕ್ಕಿಕೊಂಡಿತು. ಮರುದಿನ ಮಧ್ಯಾಹ್ನ ಅದನ್ನು ಜೀವಂತವಾಗಿ ಹೊರಗೆ ತೆಗೆದರು. ಅಷ್ಟರಲ್ಲಿ ಸುಮಾರು 20 ಗಂಟೆ ಕಳೆದಿತ್ತು.

ಆ ಎರಡು ದಿನ ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಮಗು ಹೊರಗೆ ಬಂದಾಗ ಊರವರು ಕೂಗಿದ್ದು, ಆಂಬುಲೆನ್ಸ್‌ಗೆ ದಾರಿ ಬಿಟ್ಟಿದ್ದು ಎಲ್ಲರಿಗೂ ನೆನಪಿದೆ. ರಕ್ಷಣೆಯ ಬಗ್ಗೆ ಮಾತು ಬೇಕಾದಷ್ಟು ಆಯಿತು, ಆಗಬೇಕಾದ್ದೇ. ಆದರೆ ಅದರ ಹಿಂದಿನ ದಿನದ ಬಗ್ಗೆ ಮಾತು ಕಡಿಮೆ. ಆ ಬೋರ್ ಹಳೆಯದೇನಲ್ಲ. ಹಿಂದಿನ ದಿನ, ಅಂದರೆ ಮಂಗಳವಾರ, ಕೊರೆಸಿದ್ದು. ನೀರು ಬಂದಿರಲಿಲ್ಲ. ಬಾಯಿ ಮುಚ್ಚಿರಲಿಲ್ಲ. ನಾನು ಬರೆಯಬೇಕೆಂದಿರುವುದು ಆ ಒಂದು ದಿನದ ಬಗ್ಗೆ.

ಮಗುವಿನ ಹೆಸರು, ಮನೆಯವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಮಗು ಇನ್ನು ಶಾಲೆಗೆ ಹೋಗಬೇಕು, ಬೆಳೆಯಬೇಕು. ಮನೆಯವರನ್ನು ದೂರುವ ಉದ್ದೇಶವೂ ಇಲ್ಲ. ಅವರು ಮಾಡಿದ್ದನ್ನೇ ಬಯಲುಸೀಮೆಯ ಎಷ್ಟೋ ರೈತರು ಮಾಡುತ್ತಾರೆ. ಬಹಳಷ್ಟು ಸಲ ಏನೂ ಆಗುವುದಿಲ್ಲ, ಅಷ್ಟೇ.

ಬೋರ್ ಕೊರೆಸಿದ್ದು ಯಾಕೆ

2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಲ್ಲೇ ಟ್ಯಾಂಕರಿಗೆ ಪರದಾಟ. ಇಂಡಿ ಕಡೆಯ ಸ್ಥಿತಿ ಹೇಳಬೇಕಾಗಿಲ್ಲ. ಇಂಡಿ ಅಂದರೆ ಲಿಂಬೆ. ಅಲ್ಲಿನ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಆ ಪ್ರದೇಶದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಲಿಂಬೆ ಗಿಡ ಒಂದು ಬೇಸಿಗೆ ನೀರಿಲ್ಲದೆ ಒಣಗಿದರೆ ಒಂದು ವರ್ಷದ ಬೆಳೆಯಷ್ಟೇ ಹೋಗುವುದಿಲ್ಲ, ಹಲವು ವರ್ಷ ಸಾಕಿದ ಗಿಡವೇ ಹೋಗುತ್ತದೆ. ಲಚ್ಯಾಣದ ಆ ಕುಟುಂಬಕ್ಕೆ ಇದ್ದದ್ದು ಸುಮಾರು ನಾಲ್ಕು ಎಕರೆ. ಕಬ್ಬು ಮತ್ತು ಲಿಂಬೆಗೆ ನೀರು ಬೇಕಿತ್ತು. ಬೋರ್ ಕೊರೆಸಿದರು. ಇದರಲ್ಲಿ ತಪ್ಪು ಹುಡುಕುವುದಕ್ಕೆ ಏನೂ ಇಲ್ಲ.

ಬೋರ್ ಹಾಕಿಸುವ ದಿನ ಮನೆ ಹೇಗಿರುತ್ತದೆ ಅಂತ ಕಂಡವರಿಗೆ ಗೊತ್ತು. ಪಾಯಿಂಟ್ ಮಾಡಿಸಿ (ಕೊರೆಯುವ ಜಾಗ ಗುರುತಿಸಿ), ತೆಂಗಿನಕಾಯಿ ಒಡೆದು, ಬೋರ್ ಕೊರೆಯುವ ಲಾರಿ ನಿಂತ ಮೇಲೆ ಯಾರಿಗೂ ಊಟ ಸೇರುವುದಿಲ್ಲ. ಕಂಪ್ರೆಸರ್ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕೊರೆಯುವ ಬಿಟ್ ಕೆಳಗೆ ಇಳಿದಂತೆ ಬೂದಿಯಂಥ ಕಲ್ಲಿನ ಪುಡಿ ಮೇಲೆ ಹಾರಿ, ಸುತ್ತ ನಿಂತವರ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗುತ್ತದೆ. ಪುಡಿಯ ಬಣ್ಣ ಬದಲಾದಾಗಲೆಲ್ಲ ಆಸೆ. ಪ್ರತಿ ಅಡಿಗೂ ದುಡ್ಡು. ನೂರು, ಇನ್ನೂರು, ಮುನ್ನೂರು ಅಡಿ ದಾಟಿದರೂ ಪುಡಿ ಒಣಗಿಯೇ ಬರುತ್ತಿದ್ದರೆ ಮನೆ ಯಜಮಾನ ಲಾರಿಯವನ ಮುಖ ನೋಡುತ್ತಾನೆ, ಲಾರಿಯವನು ಏಜೆಂಟನ ಮುಖ ನೋಡುತ್ತಾನೆ. ಕೊನೆಗೆ ಯಾರೋ ಒಬ್ಬರು “ಸಾಕು, ನಿಲ್ಸಿ” ಅನ್ನುತ್ತಾರೆ.

ಅಪಾಯ ಹುಟ್ಟುವುದು ಆ ಗಳಿಗೆಯಲ್ಲಿ.

ನೀರು ಬಿದ್ದ ಬೋರಿಗೆ ಎಲ್ಲ ಉಪಚಾರವೂ ಆಗುತ್ತದೆ. ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪನ್ನು, ಅಂದರೆ ಕೇಸಿಂಗನ್ನು ಗಟ್ಟಿ ಮಾಡುತ್ತಾರೆ, ಮೋಟರ್ ಇಳಿಸುತ್ತಾರೆ, ಕ್ಯಾಪ್ ಹಾಕುತ್ತಾರೆ, ಸುತ್ತ ಕಟ್ಟೆ ಕಟ್ಟುತ್ತಾರೆ. ಅದನ್ನು ಕಾಯುವುದಕ್ಕೆ ಮನೆಯವರಿಗೆ ಕಾರಣ ಇರುತ್ತದೆ. ಫೇಲ್ ಆದ ಬೋರಿನ ಕಡೆ ತಿರುಗಿ ನೋಡುವುದಕ್ಕೂ ಮನಸ್ಸಾಗುವುದಿಲ್ಲ. ದುಡ್ಡು ಹೋಯಿತು, ಸಾಲ ಉಳಿಯಿತು. ಇನ್ನು ಅದಕ್ಕೇ ಮತ್ತೆ ನೂರು ರೂಪಾಯಿ ಖರ್ಚು ಮಾಡು ಅಂದರೆ ಯಾರಿಗೆ ಬೇಕು? ಲಾರಿಯವರಿಗೆ ಮುಂದಿನ ಪಾಯಿಂಟಿಗೆ ಹೋಗುವ ಅವಸರ. ತಮಿಳುನಾಡಿನ ತಿರುಚೆಂಗೋಡು ಕಡೆಯಿಂದ ಬಂದ ಲಾರಿಯಾದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. “ನಾಳೆ ಮುಚ್ಚಿದರಾಯ್ತು” ಅಂತ ಎಲ್ಲರೂ ಮನೆಗೆ ಹೋಗುತ್ತಾರೆ.

ಕೇಸಿಂಗ್ ಕಿತ್ತ ಮೇಲೆ

ಇನ್ನೊಂದು ರೂಢಿ ಇದೆ, ಅದು ಇನ್ನೂ ಜಾಸ್ತಿ ಅಪಾಯದ್ದು. ಲಚ್ಯಾಣದಲ್ಲಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಆಗುವುದನ್ನು ಹೇಳುತ್ತಿದ್ದೇನೆ.

ನಮ್ಮಲ್ಲಿ ಬೋರಿನ ಕೊಳವೆ ಸಾಮಾನ್ಯವಾಗಿ ಆರೂವರೆ ಇಂಚು. ಆದರೆ ಮೇಲಿನ ಮಣ್ಣಿನ ಪದರದಲ್ಲಿ ಅದಕ್ಕಿಂತ ಅಗಲವಾಗಿ ಕೊರೆಯುತ್ತಾರೆ, ಯಾಕೆಂದರೆ ಅಲ್ಲಿ ಕೇಸಿಂಗ್ ಪೈಪ್ ಕೂರಬೇಕು. ಬಂಡೆ ಸಿಕ್ಕ ಮೇಲೆ ಕೇಸಿಂಗ್ ಬೇಕಿಲ್ಲ, ಬಂಡೆಯೇ ಗೋಡೆ. ಬೋರ್ ಫೇಲ್ ಆದರೆ ಕೇಸಿಂಗ್ ದುಡ್ಡಾದರೂ ಉಳಿಯಲಿ ಅಂತ ಪೈಪನ್ನು ಎಳೆದು ತೆಗೆಯುತ್ತಾರೆ. ಆಗ ಉಳಿಯುವುದು ಪೈಪಿಗಿಂತಲೂ ಅಗಲವಾದ, ಸಡಿಲ ಮಣ್ಣಿನ ಬಾಯಿ. ನೆಲದ ಮಟ್ಟಕ್ಕೆ ಇರುತ್ತದೆ, ದೂರದಿಂದ ಕಾಣುವುದೂ ಇಲ್ಲ. ಅಂಚಿಗೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಪೈಪ್ ಇದ್ದಿದ್ದರೆ ಕನಿಷ್ಠ ಒಂದಡಿ ನೆಲದ ಮೇಲೆ ಎದ್ದು ನಿಂತಿರುತ್ತಿತ್ತು. ಅಂಬೆಗಾಲಿಡುವ ಮಗುವಿಗೆ ಅದೇ ಒಂದು ತಡೆ.

ವಿಜಯಪುರದ ನೆಲ ಬಸಾಲ್ಟ್ ಕಲ್ಲಿನದು, ನಾವು ಕರಿಕಲ್ಲು ಅನ್ನುತ್ತೇವಲ್ಲ ಅದು. ಈ ಕಲ್ಲಿನಲ್ಲಿ ಕೊರೆದ ತೂತು ತಾನಾಗಿ ಕುಸಿದು ಮುಚ್ಚುವುದಿಲ್ಲ. ಬರೀ ಮಣ್ಣು, ಮರಳಿನ ನೆಲವಾದರೆ ಕೊಳವೆ ಇಲ್ಲದ ಬಾವಿ ಕುಸಿದುಹೋಗುತ್ತದೆ. ಇಲ್ಲಿ ಮನುಷ್ಯ ಮುಚ್ಚದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಮಗು ಬಿದ್ದ ಮೇಲೆ ಪಕ್ಕದಲ್ಲಿ ಅಗೆಯುವಾಗ ಹೈರಾಣ ಮಾಡುವುದೂ ಇದೇ ಕಲ್ಲೇ.

ಆ 20 ಗಂಟೆ

ಸುದ್ದಿ ಗೊತ್ತಾದ ಕೂಡಲೇ ಪೊಲೀಸರು, ಅಗ್ನಿಶಾಮಕ ದಳ, ಕಂದಾಯ ಇಲಾಖೆಯವರು, ವೈದ್ಯರು ಬಂದರು. ಪೈಪ್ ಮೂಲಕ ಆಮ್ಲಜನಕ ಬಿಟ್ಟರು. ಕ್ಯಾಮೆರಾ ಇಳಿಸಿದರು. ಮಗು ತಲೆಕೆಳಗಾಗಿದ್ದರಿಂದ ಮೇಲಿನಿಂದ ಕಾಣುತ್ತಿದ್ದದ್ದು ಪುಟ್ಟ ಕಾಲುಗಳು ಮಾತ್ರ. ಕಾಲು ಅಲುಗಾಡಿದ್ದು ಕ್ಯಾಮೆರಾದಲ್ಲಿ ಕಂಡಿತು. ಮಗು ಬದುಕಿದೆ ಅನ್ನುವುದಕ್ಕೆ ಅದೊಂದೇ ಗುರುತು. ಆ ಒಂದು ಅಲುಗಾಟ ನೋಡಿಯೇ ಎಲ್ಲರೂ ರಾತ್ರಿಯಿಡೀ ದುಡಿದರು.

ಕೊಳವೆಯೊಳಗೆ ದೊಡ್ಡವರು ಇಳಿಯುವ ಹಾಗಿಲ್ಲ. ಬಾಯಿಯನ್ನೇ ಅಗಲ ಮಾಡಲು ಹೋದರೆ ಮಣ್ಣು ಮಗುವಿನ ಮೇಲೇ ಬೀಳುತ್ತದೆ. ಉಳಿದ ದಾರಿ ಒಂದೇ. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಡಿ ತೋಡಬೇಕು, ಮಗು ಇರುವ ಆಳಕ್ಕಿಂತ ಕೆಳಗೆ ಹೋಗಬೇಕು, ಅಲ್ಲಿಂದ ಅಡ್ಡಕ್ಕೆ ಸುರಂಗ ಕೊರೆದು ಕೊಳವೆಯನ್ನು ಮುಟ್ಟಬೇಕು. ಲಚ್ಯಾಣದಲ್ಲಿ ಸುಮಾರು 21 ಅಡಿ ಗುಂಡಿ ತೋಡಿದರು. ಹಿಟಾಚಿ, ಜೆಸಿಬಿ ಓಡಿದವು. ರಾಜ್ಯದ ಮತ್ತು ಕೇಂದ್ರದ ವಿಪತ್ತು ರಕ್ಷಣಾ ಪಡೆಗಳು (ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್) ಬಂದವು. ನಡುವೆ ಬಂಡೆ ಅಡ್ಡ ಬಂತು. ಬಂಡೆಯನ್ನು ಜೋರಾಗಿ ಒಡೆಯುವ ಹಾಗೂ ಇಲ್ಲ, ಒಡೆಯದೆ ಇರುವ ಹಾಗೂ ಇಲ್ಲ. ಯಂತ್ರದ ಅದುರಿಗೆ ಮಗು ಇನ್ನೂ ಕೆಳಗೆ ಜಾರಬಹುದು.

ಈ ಭಯಕ್ಕೆ ಕಾರಣ ಇತ್ತು. 2019ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಎರಡು ವರ್ಷದ ಮಗು ಹೀಗೇ ಬಿದ್ದಿತ್ತು. ಮೊದಲು ಸುಮಾರು 30 ಅಡಿಯಲ್ಲಿದ್ದ ಮಗು ರಕ್ಷಣೆ ನಡೆಯುತ್ತಿದ್ದಾಗಲೇ ಜಾರುತ್ತಾ ಜಾರುತ್ತಾ 80 ಅಡಿಗಿಂತ ಕೆಳಗೆ ಹೋಯಿತು. ಉಳಿಯಲಿಲ್ಲ. ಲಚ್ಯಾಣದ ಮಗು ಸಿಕ್ಕಿಕೊಂಡ ಜಾಗದಲ್ಲೇ ಉಳಿಯಿತು. ತಂಡದವರ ಜಾಣ್ಮೆ, ತಾಳ್ಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ 16 ಅಡಿಯಲ್ಲಿ ಸಿಕ್ಕಿಕೊಂಡಿದ್ದು ಅದೃಷ್ಟ. ಅರವತ್ತು ಅಡಿಯಲ್ಲಿ ಸಿಕ್ಕಿದ್ದರೆ ಅದೇ ತಂಡ, ಅದೇ ಯಂತ್ರ, ಅದೇ ಬಂಡೆ ಇದ್ದು 20 ಗಂಟೆಯಲ್ಲಿ ಮುಟ್ಟಲು ಆಗುತ್ತಿರಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಟಿವಿಯಲ್ಲಿ ಸುಖಾಂತ್ಯ ನೋಡಿದವರಿಗೆ “ಬಿದ್ದರೂ ತೆಗೀತಾರೆ” ಅನ್ನುವ ಧೈರ್ಯ ಬಂದುಬಿಡುತ್ತದೆ. ನಮ್ಮದೇ ರಾಜ್ಯದ ಹಿಂದಿನ ಘಟನೆಗಳನ್ನು ನೋಡಿ. 2007ರಲ್ಲಿ ರಾಯಚೂರು ಜಿಲ್ಲೆಯ ನೀರಮಾನ್ವಿ. 2014ರ ಜೂನ್‌ನಲ್ಲಿ ವಿಜಯಪುರ ಜಿಲ್ಲೆಯದೇ ನಾಗಠಾಣ. ಅದೇ ವರ್ಷ ಆಗಸ್ಟ್‌ನಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ. ಈ ನಾಲ್ಕೂ ಕಡೆ ಮಕ್ಕಳು ಉಳಿಯಲಿಲ್ಲ.

ನಿಯಮ ಇರಲಿಲ್ಲವೇ?

ಇತ್ತು. ಬರೆದು 14 ವರ್ಷ ಆಗಿತ್ತು. ಮಕ್ಕಳು ತೆರೆದ ಬೋರಿಗೆ ಬೀಳುವ ವಿಷಯವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಕೈಗೆತ್ತಿಕೊಂಡು, 2010ರ ಫೆಬ್ರುವರಿಯಲ್ಲಿ ಸೂಚನೆ ಕೊಟ್ಟಿತು, ಆಗಸ್ಟ್‌ನಲ್ಲಿ ಅವನ್ನು ಇನ್ನಷ್ಟು ಸರಿಪಡಿಸಿತು. ಕೊರೆಸುವುದಕ್ಕೆ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಬೋರ್ ಏಜೆನ್ಸಿ ನೋಂದಣಿ ಆಗಿರಬೇಕು. ಕೊರೆಯುವ ಜಾಗದಲ್ಲಿ ಮಾಲೀಕರ ಮತ್ತು ಏಜೆನ್ಸಿಯ ವಿಳಾಸದ ಫಲಕ ಹಾಕಿ, ಸುತ್ತ ಮುಳ್ಳುತಂತಿ ಅಥವಾ ಬೇರೆ ತಡೆ ಕಟ್ಟಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ ಬೇಕು, 30 ಸೆಂಟಿಮೀಟರ್ ನೆಲದ ಮೇಲೆ, 30 ಸೆಂಟಿಮೀಟರ್ ನೆಲದೊಳಗೆ. ಬಾಯಿಗೆ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಬೇಕು, ಇಲ್ಲವೇ ನಟ್ಟು ಬೋಲ್ಟು ಹಾಕಿ ಗಟ್ಟಿ ಕ್ಯಾಪ್ ಕೂರಿಸಬೇಕು. ಮೋಟರ್ ರಿಪೇರಿಗೆ ಎತ್ತಿದಾಗಲೂ ಬಾಯಿ ತೆರೆದಿಡಬಾರದು. ಕೈಬಿಟ್ಟ ಬೋರನ್ನು ತಳದಿಂದ ನೆಲದವರೆಗೆ ಮಣ್ಣು, ಮರಳು, ಕಲ್ಲಿನ ಪುಡಿಯಂಥವುಗಳಿಂದ ತುಂಬಬೇಕು.

ಲಚ್ಯಾಣದ ಘಟನೆಯಾದ ವರ್ಷವೇ, 2024ರ ಡಿಸೆಂಬರ್‌ನಲ್ಲಿ, ನಮ್ಮ ವಿಧಾನಮಂಡಲ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಿತು. ಬೋರ್ ಮುಚ್ಚದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ಬರಗಾಲದಲ್ಲಿ ಗಿಡ ಒಣಗುತ್ತಿರುವಾಗ 15 ದಿನ ಮೊದಲು ಅರ್ಜಿ ಕೊಟ್ಟು ಕಾಯುವ ರೈತರು ಎಷ್ಟು ಮಂದಿ ಇರುತ್ತಾರೆ? ಲಾರಿ ಸಿಕ್ಕ ರಾತ್ರಿಯೇ ಕೊರೆಸಿ ಮುಗಿಸುತ್ತಾರೆ. ಹಾಗಾಗಿ ನನ್ನ ನಂಬಿಕೆ ಒಂದೇ. ಬಾಯಿ ಮುಚ್ಚುವುದು ಬೋರ್ ಕೊರೆಯುವ ಕೆಲಸದ ಕೊನೆಯ ಹಂತವಾಗಬೇಕು. ಅದು ಆಗದೆ ಲಾರಿ ಹೊಲ ಬಿಡಬಾರದು, ದುಡ್ಡೂ ಕೈ ಬದಲಾಗಬಾರದು. ರೈತ ಬೇಸರದಲ್ಲಿರುತ್ತಾನೆ, ಅಧಿಕಾರಿ ದೂರದಲ್ಲಿರುತ್ತಾರೆ. ಆ ಗಳಿಗೆಯಲ್ಲಿ ಯಂತ್ರ, ಆಳು, ವೆಲ್ಡಿಂಗ್ ಸಾಮಾನು ಎಲ್ಲ ಒಟ್ಟಿಗೆ ಇರುವುದು ಲಾರಿಯವರ ಹತ್ತಿರ ಮಾತ್ರ.

ಖರ್ಚು ಎಷ್ಟು ಅಂತ ಲೆಕ್ಕ ಹಾಕೋಣ. ಆರೂವರೆ ಇಂಚಿನ ಕೊಳವೆ ಒಂದು ಅಡಿಗೆ ಹಿಡಿಯುವುದು ಕಾಲು ಘನ ಅಡಿಗಿಂತ ಸ್ವಲ್ಪ ಕಡಿಮೆ. 300 ಅಡಿ ಬೋರ್ ಪೂರ್ತಿ ತುಂಬಲು ಸುಮಾರು 70 ಘನ ಅಡಿ ಸಾಕು. ಅಂದರೆ ಒಂದು ಬ್ರಾಸ್ (100 ಘನ ಅಡಿ) ಕೂಡ ಬೇಕಾಗಿಲ್ಲ. ಅದನ್ನು ಎಲ್ಲಿಂದಲೋ ತರಬೇಕಾಗಿಯೂ ಇಲ್ಲ. ಆ ಕೊಳವೆಯಿಂದಲೇ ಹೊರಬಿದ್ದ ಕಲ್ಲಿನ ಪುಡಿ ಬಾಯಿಯ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿರುತ್ತದೆ. ಎರಡು ಸಲಿಕೆ, ಇಬ್ಬರು ಆಳು, ಒಂದಿಷ್ಟು ಹೊತ್ತು. ಇನ್ನು ಕಟ್ಟೆ ಕಟ್ಟಿ ಕ್ಯಾಪ್ ಹಾಕುತ್ತೇವೆ ಅನ್ನುವವರಿಗೆ, ಕೋರ್ಟ್ ಹೇಳಿದ ಅಳತೆಯ ಕಟ್ಟೆಗೆ ಹೆಚ್ಚೂಕಡಿಮೆ ಒಂದು ಚೀಲ ಸಿಮೆಂಟ್ ಸಾಕು.

ತುಂಬುವಾಗ ಒಂದು ಎಚ್ಚರ. ದೊಡ್ಡ ಕಲ್ಲು, ಇಟ್ಟಿಗೆ ಚೂರು, ತೆಂಗಿನ ಮಟ್ಟೆ ಹಾಕಬೇಡಿ. ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಮೇಲೆ ನೋಡಿದರೆ ತುಂಬಿದಂತೆಯೇ ಕಾಣುತ್ತದೆ. ಮಳೆ ಬಿದ್ದು ಮಣ್ಣು ನೆನೆದಾಗ ಒಂದೇ ಸಲ ಇಳಿದು ಮತ್ತೆ ಬಾಯಿ ಬಿಡುತ್ತದೆ. ಸಣ್ಣ ಪುಡಿಯನ್ನೇ ನಿಧಾನಕ್ಕೆ ಸುರಿಯಬೇಕು. ಮೇಲೆ ದಿಬ್ಬದ ಹಾಗೆ ಮಣ್ಣು ಏರಿಸಬೇಕು. ಮೊದಲ ಮಳೆ ಆದ ಮೇಲೆ ಹೋಗಿ ನೋಡಬೇಕು. ಇಳಿದಿದ್ದರೆ ಇನ್ನಷ್ಟು ತುಂಬಬೇಕು.

“ಮಳೆ ಬಂದರೆ ನೀರು ಬಂದೀತು, ಈಗಲೇ ಯಾಕೆ ತುಂಬಿಸಲಿ” ಅನ್ನುವವರೂ ಇದ್ದಾರೆ. ಆ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಕೆಲವು ಬೋರಿಗೆ ಮಳೆಗಾಲದ ನಂತರ ನೀರು ಬಂದದ್ದೂ ಇದೆ. ಹಾಗಿದ್ದರೆ ಕೇಸಿಂಗ್ ಕೀಳಿಸಬೇಡಿ. ಪೈಪ್ ನೆಲದಿಂದ ಮೇಲೆ ನಿಲ್ಲಲಿ, ಸುತ್ತ ಕಾಂಕ್ರೀಟ್ ಇರಲಿ, ಮೇಲೆ ಬೋಲ್ಟ್ ಹಾಕಿದ ಕ್ಯಾಪ್ ಇರಲಿ. ಪಾನಾ ಇಲ್ಲದೆ ಕೈಯಲ್ಲಿ ಬಿಚ್ಚಲು ಬರಬಾರದು.

ಮಾಡಲೇಬಾರದ ಕೆಲಸ ಅಂದರೆ ಗೋಣಿಚೀಲ ಹಾಸಿ ಮೇಲೆ ಮಣ್ಣು ಎಳೆಯುವುದು. ಜಾಲಿ ಕಂಟಿ ಇಡುವುದು, ಚಪ್ಪಡಿ ಕಲ್ಲು ಸರಿಸಿ ಇಡುವುದು, ಒಡೆದ ಪ್ಲಾಸ್ಟಿಕ್ ಕೊಡ ತುರುಕುವುದು ಇವೆಲ್ಲ ಅದೇ ಜಾತಿಯವು. ತೆರೆದ ಬಾಯಿಯಾದರೆ ಕಣ್ಣಿಗಾದರೂ ಬೀಳುತ್ತದೆ. ಗೋಣಿಚೀಲದ ಮೇಲಿನ ಮಣ್ಣು ಮಗುವಿಗೂ ಕಾಣುವುದಿಲ್ಲ, ಕರೆಯಲು ಬಂದ ತಾಯಿಗೂ ಕಾಣುವುದಿಲ್ಲ. ಬಿಸಿಲಿಗೆ ಗೋಣಿ ಲಡ್ಡಾಗುತ್ತದೆ. ಆಮೇಲೆ ಯಾರ ಕಾಲು ಬೀಳುತ್ತದೋ ಗೊತ್ತಿಲ್ಲ.

ಯಾರ ಮಕ್ಕಳು

ಉತ್ತರ ಕರ್ನಾಟಕದಲ್ಲಿ ಹೊಲದಲ್ಲೇ ಮನೆ ಮಾಡಿಕೊಂಡು ಇರುವವರು ಬಹಳ. ತೋಟದ ವಸ್ತಿ ಅನ್ನುತ್ತಾರೆ. ಅಲ್ಲಿ ಅಂಗಳ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಅನ್ನುವ ಗೆರೆ ಇಲ್ಲ. ಮಗು ನಡೆಯಲು ಕಲಿತ ದಿನದಿಂದ ಹೊಲವೇ ಅದರ ಆಟದ ಜಾಗ. ಸಂಜೆ ಆರು ಗಂಟೆ ಅಂದರೆ ದನ ಕಟ್ಟುವ, ಹಾಲು ಹಿಂಡುವ, ಒಲೆ ಹಚ್ಚುವ ಹೊತ್ತು. ದೊಡ್ಡವರ ಕೈ ಖಾಲಿ ಇರುವುದಿಲ್ಲ. “ತಾಯಿ ಎಲ್ಲಿದ್ದಳು” ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಎರಡು ವರ್ಷದ ಮಗುವನ್ನು ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಯಲು ಹೊಲದ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. ಆಗುವ ಕೆಲಸ ಅಂದರೆ ತೂತು ಮುಚ್ಚುವುದು.

ಮನೆ ಮಕ್ಕಳಿಗಾದರೂ “ಆ ಕಡೆ ಹೋಗಬೇಡ” ಅಂತ ಹೇಳಿರುತ್ತೇವೆ. ಬೇಸಿಗೆ ರಜೆಗೆ ಬರುವ ಮೊಮ್ಮಕ್ಕಳಿಗೆ, ಜಾತ್ರೆಗೆ ಬಂದ ನೆಂಟರ ಮಕ್ಕಳಿಗೆ, ಕಬ್ಬು ಕಡಿಯಲು ಬಂದು ಹೊಲದಲ್ಲೇ ಗುಡಿಸಲು ಹಾಕಿದ ಗ್ಯಾಂಗಿನವರ ಮಕ್ಕಳಿಗೆ ಯಾರು ಹೇಳಬೇಕು? ಅವರಿಗೆ ನಮ್ಮ ಹೊಲದ ನೆನಪು ಇರುವುದಿಲ್ಲ. ಎಲ್ಲಿ ಹಳೇ ಬೋರಿದೆ, ಎಲ್ಲಿ ಬಾವಿಯ ಕಟ್ಟೆ ಕುಸಿದಿದೆ ಅನ್ನುವುದು ಮಾಲೀಕನ ತಲೆಯಲ್ಲಿ ಮಾತ್ರ ಇರುತ್ತದೆ. ನಮ್ಮಲ್ಲಿ ಬೋರ್ ಕೊರೆಸುವ ಭರಾಟೆಯೂ ಏಪ್ರಿಲ್, ಮೇ ತಿಂಗಳಲ್ಲೇ, ಮಕ್ಕಳ ರಜೆಯೂ ಅದೇ ತಿಂಗಳಲ್ಲೇ. ನೆಂಟರು ಬರುವ ಮುನ್ನಾದಿನ ಯಜಮಾನ ಒಂದು ಸಲ ಹೊಲ ಸುತ್ತಿ ಬರಬೇಕು, ಬಂದ ಮೇಲೆ ಅವರ ಮಕ್ಕಳನ್ನು ಕೈ ಹಿಡಿದು ಕರೆದೊಯ್ದು ತೋರಿಸಬೇಕು.

ಆ ಸುತ್ತಿನಲ್ಲಿ ಕೃಷಿ ಹೊಂಡವನ್ನೂ ನೋಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಅಂಚು ಒದ್ದೆಯಾದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು, ಕಾಲಿಗೆ ಹಿಡಿತವೇ ಸಿಗುವುದಿಲ್ಲ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. ಬೇಲಿ ಆಗುವವರೆಗೆ ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ.

ಬಿದ್ದೇಬಿಟ್ಟರೆ

ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಬೋರ್ ಎಷ್ಟು ಅಗಲ, ಎಷ್ಟು ಆಳ, ಕೇಸಿಂಗ್ ಇದೆಯೋ ಇಲ್ಲವೋ ಹೇಳಿ. ಬಾಯಿಯ ಸುತ್ತ ಜನ ಗುಂಪು ಕಟ್ಟಲು ಬಿಡಬೇಡಿ, ಅಂಚಿನ ಮಣ್ಣು ಒಳಗೆ ಬೀಳುತ್ತದೆ. ಹತ್ತಿರ ಟ್ರ್ಯಾಕ್ಟರ್, ಜೆಸಿಬಿ ಓಡಿಸಬೇಡಿ. ಅಂದಾಜಿನ ಮೇಲೆ ಕೊಕ್ಕೆ ಇಳಿಸಬೇಡಿ, ಮಗು ಇನ್ನೂ ಕೆಳಗೆ ಜಾರಬಹುದು. ತಾಯಿಯೋ ಅಜ್ಜಿಯೋ ಒಬ್ಬರು ದೂರದಿಂದಲೇ ಮಗುವನ್ನು ಮಾತಾಡಿಸುತ್ತಿರಲಿ. ಕೊರೆದ ಲಾರಿಯವರಿಗೂ ಫೋನ್ ಮಾಡಿ. ಮಣ್ಣು ಎಷ್ಟು ಅಡಿಗೆ ಮುಗಿಯಿತು, ಬಂಡೆ ಎಲ್ಲಿ ಸಿಕ್ಕಿತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಗುಂಡಿ ತೋಡುವವರಿಗೆ ಅದು ಬೇಕೇ ಬೇಕು.

ಲಚ್ಯಾಣದ ಮಗುವನ್ನು ಹೊರಗೆ ತೆಗೆದ ಕೂಡಲೇ ಇಂಡಿಯ ಆಸ್ಪತ್ರೆಗೆ ಕರೆದೊಯ್ದರು, ಚೇತರಿಸಿಕೊಂಡಿತು.

ನಿಮ್ಮ ಊರಲ್ಲೂ ಬಾಯಿ ತೆರೆದ ಬೋರ್ ಇದ್ದರೆ, ಅದು ಪಕ್ಕದವರ ಹೊಲದ್ದಾದರೂ, ಮೊದಲು ಅವರಿಗೇ ಹೇಳಿ. ಬೇಕಾದರೆ ಜೊತೆಗೆ ಹೋಗಿ ಸಲಿಕೆ ಹಿಡಿಯಿರಿ. ಕೇಳದಿದ್ದರೆ ಫೋಟೋ ಸಮೇತ ಗ್ರಾಮ ಪಂಚಾಯಿತಿ ಪಿಡಿಒಗೆ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೊಸದಾಗಿ ಬೋರ್ ಹಾಕಿಸುವವರು ಅಡಿಗೆ ಎಷ್ಟು ಅಂತ ರೇಟ್ ಮಾತಾಡುವಾಗಲೇ ಏಜೆಂಟನಿಗೆ ಹೇಳಿಬಿಡಿ: “ನೀರು ಬಂದರೆ ಕ್ಯಾಪ್, ಬರದಿದ್ದರೆ ಪುಡಿ ತುಂಬಿಸಿ ಕೊಡಬೇಕು, ಕೊನೇ ಕಂತು ಅದಾದ ಮೇಲೇನೇ.”